ಬೈಕ್ ಸವಾರರ ರಕ್ಷಾ ಉಡುಪು: ಓದುಗರ ಪ್ರಶ್ನೆಗಳು, ಉತ್ತರಗಳು

ದ್ವಿಚಕ್ರ ಸವಾರಿಯ ಸುರಕ್ಷತೆಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಮೊದಲ ಪತ್ರದಲ್ಲಿ ಎಲ್ಲ ಸವಾರರಿಗೂ ಉಪಯೋಗವಾಗುವ ವಿವರಗಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಪ್ರಶ್ನೆ: ಕೆಲವು ದಿನಗಳ ಹಿಂದೆ ತಿರುವೊಂದರಲ್ಲಿ ಚೆಲ್ಲಿದ್ದ ಸಣ್ಣ ಜಲ್ಲಿಯ ಮೇಲೆ ಬೈಕಿನ ಮುಂದಿನ ಚಕ್ರ ಜಾರಿ, ಬಲಮಗ್ಗುಲಿಗೆ ಬಿದ್ದೆ. ವೇಗ ಗಂಟೆಗೆ 40 ಕಿ.ಮೀ. ಆಸುಪಾಸಿನಲ್ಲಿತ್ತು. ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್ ಧರಿಸಿದ್ದೆ. ಅದರ ಗದ್ದದ ಭಾಗ ಉಜ್ಜಿ ಸವೆದಿದೆ, ನನ್ನ ಮುಖಕ್ಕೆ ಏನೂ ಆಗಿಲ್ಲ. ಜಾಕೆಟ್ಟಿನಲ್ಲಿ ಮೊಣಕೈ ಪ್ಯಾಡ್ ಇತ್ತು, ಆದರೂ ತೋಳು ಮೇಲಕ್ಕೆ ಸರಿದು ಮುಂಗೈ ತರಚಿತು. ಕೈಗವಸು ಇಲ್ಲದ್ದರಿಂದ ಅಂಗೈ ಚರ್ಮ ಕಿತ್ತುಹೋಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದರೂ ಹೆಬ್ಬೆರಳ ಬುಡದ ಕಡೆ ಮಣಿಕಟ್ಟು ಇನ್ನೂ ನೋಯುತ್ತಿದೆ. ಜೀನ್ಸ್ ಮಂಡಿಯಲ್ಲಿ ಹರಿಯಿತು, ಒಂದು ಕಾಲಿನ ಷೂ ಕಳಚಿ ಹಾರಿಹೋಯಿತು. ಅದೇ ಹೆಲ್ಮೆಟ್ ಮುಂದುವರಿಸಬಹುದೇ? ಉಳಿದಂತೆ ನಾನು ಏನನ್ನು ಬದಲಿಸಿಕೊಳ್ಳಬೇಕು?

ಉತ್ತರ: ನೀವು ಕೇಳದೆ ಬಿಟ್ಟ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಕಾಲಮಿತಿ ಇದೆ. ಬೀಳುವಾಗ ಕೈ ಮುಂದೆ ಚಾಚುವುದು ಮನುಷ್ಯನ ಸಹಜ ಪ್ರತಿಕ್ರಿಯೆ. ಹಾಗೆ ಚಾಚಿದ ಅಂಗೈ ನೆಲಕ್ಕೆ ಬಡಿದಾಗ ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಬಿರುಕು ಬಿಡುವುದುಂಟು. ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದಾಗ ಅದರ ಬುಡದಲ್ಲಿ ಕಾಣುವ ಸಣ್ಣ ಗುಳಿಯಲ್ಲಿ ಒತ್ತಿದರೆ ನೋಯುವುದು ಇದರ ಮುಖ್ಯ ಸೂಚನೆ. ಈ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆದ್ದರಿಂದಲೇ ನೋವು ಉಳಿದಿದ್ದರೆ ವೈದ್ಯರು ಕೈಗೆ ಪಟ್ಟಿ ಹಾಕಿ, ಹತ್ತು ಹದಿನಾಲ್ಕು ದಿನಗಳ ನಂತರ ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ, ಅಥವಾ ಎಂಆರ್‌ಐ ಮಾಡಿಸುತ್ತಾರೆ. ಆ ಮೂಳೆಗೆ ರಕ್ತಪೂರೈಕೆ ಕಡಿಮೆ. ಅಲಕ್ಷಿಸಿದರೆ ಕೂಡಿಕೊಳ್ಳದೆ ಉಳಿದು ಮುಂದೆ ಮಣಿಕಟ್ಟಿನ ಚಲನೆಯನ್ನೇ ಕುಂದಿಸಬಹುದು. ಈ ಪುಟವನ್ನು ಬದಿಗಿಟ್ಟು ಮೊದಲು ಮೂಳೆತಜ್ಞರನ್ನು ಇನ್ನೊಮ್ಮೆ ಕಾಣಿರಿ. ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಅದನ್ನೂ ಆಗಲೇ ಕೇಳಿರಿ. ಅಂಗೈಯಲ್ಲಿ ಮರಳಿನ ಕಣ ಉಳಿದಿದ್ದರೆ ತೆಗೆಸಿಕೊಳ್ಳಿರಿ. ಗಾಯದೊಳಗೆ ಉಳಿದ ಧೂಳು ಮತ್ತು ಡಾಂಬರಿನ ಕಣಗಳು ಚರ್ಮ ಮುಚ್ಚಿಕೊಂಡ ಮೇಲೆ ಹಚ್ಚೆಯಂತೆ ಶಾಶ್ವತವಾಗಿ ಉಳಿದುಬಿಡುತ್ತವೆ.

ಹೆಲ್ಮೆಟ್ ವಿಷಯದಲ್ಲಿ ಉತ್ತರ ಚುಟುಕಾಗಿದೆ: ಮುಂದುವರಿಸಬೇಡಿ. ಹೆಲ್ಮೆಟ್ಟಿನ ಹೊರಚಿಪ್ಪು ಹೊಡೆತವನ್ನು ಅಗಲಕ್ಕೆ ಹಂಚುತ್ತದೆ. ಆದರೆ ತಲೆಯನ್ನು ನಿಜವಾಗಿ ಕಾಯುವುದು ಅದರೊಳಗಿನ, ನಾವು ಥರ್ಮಕೋಲ್ ಎಂದು ಕರೆಯುವ ಪದರ. ಅದು ತಾನು ಜಜ್ಜಿಹೋಗುವ ಮೂಲಕ ಹೊಡೆತದ ಶಕ್ತಿಯನ್ನು ಹೀರುತ್ತದೆ, ಮತ್ತು ಒಮ್ಮೆ ಜಜ್ಜಿದ ಭಾಗ ಮತ್ತೆ ಉಬ್ಬಿ ಮೊದಲಿನಂತಾಗುವುದಿಲ್ಲ. ಈ ಪದರವು ಒಳಗಿನ ಬಟ್ಟೆಯ ಮೆತ್ತೆ ಮತ್ತು ಹೊರಗಿನ ಚಿಪ್ಪಿನ ನಡುವೆ ಅಡಗಿರುವುದರಿಂದ ಹಾನಿ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಹೆಲ್ಮೆಟ್ಟಿನ ಗದ್ದದ ಭಾಗ ಸವೆದಿದೆ ಎಂದರೆ ಅದು ನೆಲಕ್ಕೆ ಬಡಿದಿದೆ ಎಂದೇ ಅರ್ಥ. ಅದನ್ನು ಪಟ್ಟಿ ಕತ್ತರಿಸಿ ಎಸೆಯಿರಿ. ಕತ್ತರಿಸದೆ ಎಸೆದರೆ ಇನ್ನೊಬ್ಬರು ಎತ್ತಿಕೊಂಡು ಧರಿಸುವ ಸಾಧ್ಯತೆ ಇದೆ.

ಈಗ ಉಳಿದ ಗಾಯಗಳನ್ನು ನೋಡೋಣ. ಬಿದ್ದ ದೇಹಕ್ಕೆ ಎರಡು ಬಗೆಯ ಅಪಾಯಗಳಿರುತ್ತವೆ: ಮೊದಲನೆಯದು ಬಡಿತ, ಎರಡನೆಯದು ಉಜ್ಜುವಿಕೆ. ಬಡಿತ ಕ್ಷಣಾರ್ಧದಲ್ಲಿ ಮುಗಿಯುತ್ತದೆ, ಉಜ್ಜುವಿಕೆ ಮುಂದುವರಿಯುತ್ತದೆ. ಬಟ್ಟೆ ಮತ್ತು ಒಣ ಡಾಂಬರಿನ ನಡುವಿನ ಘರ್ಷಣಾಂಕವನ್ನು 0.6 ಎಂದು ಹಿಡಿದು ಲೆಕ್ಕ ಹಾಕಿದರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಿದ್ದ ಸವಾರನು ನಿಲ್ಲುವ ಮೊದಲು ಸುಮಾರು 10 ಮೀಟರ್ ದೂರ, ಹೆಚ್ಚುಕಡಿಮೆ ಎರಡು ಸೆಕೆಂಡು ಜಾರುತ್ತಾನೆ. ವೇಗ 60 ಆದರೆ ದೂರ ಸುಮಾರು 24 ಮೀಟರಿಗೆ ಏರುತ್ತದೆ, ಏಕೆಂದರೆ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಪ್ರಯೋಗಾಲಯದ ಉಜ್ಜು ಪರೀಕ್ಷೆಗಳಲ್ಲಿ ಸಾಧಾರಣ ಜೀನ್ಸ್ ಬಟ್ಟೆ ಒಂದು ಸೆಕೆಂಡಿನ ಒಳಗೇ ತೂತಾಗುತ್ತದೆ. ಉಳಿದ ಸಮಯದಲ್ಲಿ ಸವೆಯುವುದು ಚರ್ಮವೇ. ನಿಮ್ಮ ಮಂಡಿಯಲ್ಲಿ ಆದದ್ದು ಇದು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಜೀನ್ಸ್ ಅಲ್ಲ, ಜಾಕೆಟ್ ಮತ್ತು ಷೂ. ಜಾಕೆಟ್ಟಿನಲ್ಲಿ ಪ್ಯಾಡ್ ಇತ್ತು, ಕಾಲಿನಲ್ಲಿ ಷೂ ಇತ್ತು. ಆದರೆ ಬೇಕಾದ ಗಳಿಗೆಯಲ್ಲಿ ಎರಡೂ ತಮ್ಮ ಜಾಗದಲ್ಲಿ ಇರಲಿಲ್ಲ. ರಕ್ಷಾ ಉಡುಪಿನ ಬಗ್ಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಉಡುಪಿನ ದಪ್ಪ, ತೂಕ, ಹೆಸರು ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ನೆಲದ ಮೇಲೆ ಉರುಳುವಾಗಲೂ ಅದು ತನ್ನ ಜಾಗದಲ್ಲೇ ಉಳಿಯುತ್ತದೆಯೇ ಎಂಬುದು. ಮುಂದೆ ಬೆಳೆದರೂ ಆಗಲಿ, ಒಳಗೆ ಸ್ವೆಟರ್ ಹಾಕಿದರೂ ಆಗಲಿ ಎಂದು ಒಂದು ಅಳತೆ ದೊಡ್ಡ ಜಾಕೆಟ್ ಕೊಳ್ಳುವವರು ಬಹಳ ಮಂದಿ. ಆ ಸಡಿಲಿನಲ್ಲಿ ಮೊಣಕೈ ಪ್ಯಾಡ್ ಪಕ್ಕಕ್ಕೆ ತಿರುಗುತ್ತದೆ, ತೋಳು ಮೇಲೇರುತ್ತದೆ, ಬೆನ್ನಿನ ಭಾಗ ಭುಜದವರೆಗೆ ಸುತ್ತಿಕೊಳ್ಳುತ್ತದೆ. ಹೊಸ ಜಾಕೆಟ್ ಕೊಳ್ಳುವಾಗ ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ಸವಾರಿಯ ಭಂಗಿಯಲ್ಲಿ ಕುಳಿತು ಕೈಗಳನ್ನು ಹ್ಯಾಂಡಲ್ ಹಿಡಿದಂತೆ ಚಾಚಿ, ಇನ್ನೊಬ್ಬರಿಂದ ತೋಳಿನ ಅಂಚನ್ನು ಮೊಣಕೈ ಕಡೆಗೆ ಬಲವಾಗಿ ಎಳೆಸಿ ನೋಡಬೇಕು. ಮಣಿಕಟ್ಟಿನ ಬಳಿ ಜಿಪ್ ಅಥವಾ ಬಿಗಿಪಟ್ಟಿ ಇದ್ದು, ಅದನ್ನು ಹಾಕಿದ ಮೇಲೆ ತೋಳು ಅಲುಗಬಾರದು. ಸೊಂಟದ ಬಳಿ ಜಾಕೆಟ್ಟನ್ನೂ ಪ್ಯಾಂಟನ್ನೂ ಜೋಡಿಸುವ ಜಿಪ್ ಇರುವ ಜೋಡಿ ಸಿಕ್ಕರೆ ಅದು ಎಷ್ಟೋ ಮೇಲು, ಏಕೆಂದರೆ ಜಾಕೆಟ್ ಮೇಲಕ್ಕೆ ಸರಿಯುವುದನ್ನು ಅದೊಂದೇ ಬಹುಪಾಲು ತಡೆಯುತ್ತದೆ. ಮಂಡಿ ಪ್ಯಾಡನ್ನೂ ಕುಳಿತೇ ಪರೀಕ್ಷಿಸಬೇಕು. ನಿಂತಾಗ ಮಂಡಿಯ ಮೇಲಿರುವ ಪ್ಯಾಡ್ ಕುಳಿತಾಗ ತೊಡೆಯ ಕಡೆಗೋ ಮೊಣಕಾಲಿನ ಕೆಳಕ್ಕೋ ಸರಿದಿರುವುದು ಸಾಮಾನ್ಯ.

ಕೈಗವಸಿಗೂ ಇದೇ ನಿಯಮ. ಮಣಿಕಟ್ಟನ್ನು ಸುತ್ತಿ ಬಿಗಿಯುವ ಪಟ್ಟಿ ಇರಬೇಕು. ಪಟ್ಟಿ ಹಾಕಿದ ಮೇಲೆ ಬೆರಳ ತುದಿ ಹಿಡಿದು ಎಳೆದರೆ ಕೈಗವಸು ಕಳಚಬಾರದು. ಅಂಗೈಯ ಬುಡದಲ್ಲಿ ಗಟ್ಟಿಯಾದ, ನುಣುಪಾದ ತುಂಡನ್ನು ಜೋಡಿಸಿರುವ ಕೈಗವಸುಗಳು ಸಿಗುತ್ತವೆ. ಅವುಗಳ ಉದ್ದೇಶ ಗಮನಾರ್ಹ: ಅಂಗೈ ನೆಲಕ್ಕೆ ಕಚ್ಚಿಕೊಂಡರೆ ಮಣಿಕಟ್ಟು ಹಿಂದಕ್ಕೆ ಮಡಿಚಿ ಆ ಸ್ಕೇಫಾಯ್ಡ್ ಮೂಳೆಯ ಮೇಲೆ ಭಾರವೆಲ್ಲ ಬೀಳುತ್ತದೆ, ನುಣುಪಾದ ತುಂಡು ಕೈಯನ್ನು ಕಚ್ಚಿಕೊಳ್ಳಲು ಬಿಡದೆ ಜಾರಿಸುತ್ತದೆ. ಇನ್ನು ಪಾದ. ಕಾಲು ಮತ್ತು ಪಾದದ ಗಾಯಗಳು ಬೈಕ್ ಅಪಘಾತಗಳಲ್ಲಿ ಅತಿ ಸಾಮಾನ್ಯ. ಬೈಕಿನ ಭಾರ ಮೊದಲು ಬೀಳುವುದೇ ಕಾಲಿನ ಮೇಲೆ. ಕಾಲ್ಗಂಟಿನ ಮೇಲಕ್ಕೆ ಬರುವ, ಹಿಮ್ಮಡಿ ಮತ್ತು ಮುಂಗಾಲು ಗಟ್ಟಿಯಾಗಿರುವ, ಕೈಯಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಲು ಹೋದರೆ ಸುಲಭವಾಗಿ ತಿರುಚದ ಬೂಟನ್ನು ಆರಿಸಿರಿ. ಅದರ ಲೇಸು ಉದ್ದವಾಗಿ ಜೋತಾಡಿ ಗೇರಿಗೋ ಫುಟ್‌ರೆಸ್ಟಿಗೋ ಸಿಕ್ಕಿಕೊಳ್ಳದಂತೆ ಒಳಸೇರಿಸುವುದನ್ನು ಮರೆಯಬೇಡಿ.

ಪ್ಯಾಂಟಿನ ಬಗ್ಗೆ ಒಂದು ಮಾತು. ಲಿಜ್ ಡಿ ರೋಮ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೀಡಾದ 212 ಸವಾರರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸವಾರಿಗೆಂದೇ ತಯಾರಾದ ಜಾಕೆಟ್, ಪ್ಯಾಂಟ್ ಅಥವಾ ಕೈಗವಸು ಧರಿಸಿದ್ದವರು ಆಸ್ಪತ್ರೆಗೆ ದಾಖಲಾಗುವ ಸಂಭವ ಕಡಿಮೆ ಎಂದು ಕಂಡುಬಂತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ: ಅಪಘಾತದಲ್ಲಿ ಪರೀಕ್ಷೆಗೊಳಗಾದ ಜಾಕೆಟ್, ಪ್ಯಾಂಟ್, ಕೈಗವಸುಗಳಲ್ಲಿ ಪ್ರತಿಯೊಂದು ಬಗೆಯಲ್ಲೂ ಕಾಲು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಹರಿದೋ ಹೊಲಿಗೆ ಬಿಚ್ಚಿಯೋ ವಿಫಲವಾಗಿದ್ದವು. ಹಾಗಾಗಿ ಹೊಲಿಗೆಯನ್ನು ನೋಡಿ ಕೊಳ್ಳಬೇಕು. ಭುಜ, ಮೊಣಕೈ, ಪೃಷ್ಠ, ಮಂಡಿ ಇವುಗಳ ಮೇಲೆ ಹಾಯುವ ಹೊಲಿಗೆ ಎರಡು ಮೂರು ಸಾಲಿನದಾಗಿದ್ದು, ಒಂದು ಸಾಲಾದರೂ ಒಳಗೆ ಅಡಗಿರಬೇಕು; ಹೊರಗೆ ಕಾಣುವ ದಾರ ಡಾಂಬರಿಗೆ ತಾಗಿದ ಕೂಡಲೇ ಸವೆಯುತ್ತದೆ. ಯುರೋಪಿನ ಇಎನ್ 17092 ಮಾನದಂಡದ ಗುರುತಿದ್ದರೆ ಅದರಲ್ಲಿ ಎಎಎ, ಎಎ, ಎ ಎಂಬ ದರ್ಜೆಗಳಿರುತ್ತವೆ. ಎಎಎ ಅತ್ಯಂತ ಗಟ್ಟಿಮುಟ್ಟಾದದ್ದು, ನಿತ್ಯದ ಬಳಕೆಗೆ ಎಎ ಒಳ್ಳೆಯ ಆಯ್ಕೆ. ಪ್ಯಾಡುಗಳ ಮೇಲೆ ಇಎನ್ 1621 ಎಂದು ಬರೆದು ಲೆವೆಲ್ 1 ಅಥವಾ 2 ಎಂದು ಮುದ್ರಿಸಿರುತ್ತಾರೆ. 50 ಜೂಲ್ ಹೊಡೆತ ಕೊಟ್ಟಾಗ ಮೊಣಕೈ, ಮಂಡಿ, ಭುಜದ ಪ್ಯಾಡ್ ದಾಟಿ ಬರುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಅದು ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ವ್ಯತ್ಯಾಸ ಗಣನೀಯವಾಗಿದೆ. ಯಾವ ಗುರುತೂ ಇಲ್ಲದ ಮೆತ್ತನೆಯ ಸ್ಪಂಜು ಪ್ಯಾಡ್ ಹೊಡೆತದ ವಿಷಯದಲ್ಲಿ ಇದ್ದೂ ಇಲ್ಲದಂತೆ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಸಾಧ್ಯವಿಲ್ಲದಿದ್ದರೆ ಮೊದಲು ಹೆಲ್ಮೆಟ್, ಅದರ ಬೆನ್ನಿಗೇ ಕೈಗವಸು ಮತ್ತು ಬೂಟು, ಆಮೇಲೆ ಪ್ಯಾಂಟು. ನಿಮ್ಮ ಜಾಕೆಟ್ಟಿನ ಹೊಲಿಗೆ ಗಟ್ಟಿಯಾಗಿದ್ದರೆ ತೋಳಿಗೆ ಬಿಗಿಪಟ್ಟಿ ಹೊಲಿಸಿ ಸದ್ಯಕ್ಕೆ ಬಳಸಬಹುದು. ಸವೆದ ಭಾಗದಲ್ಲಿ ಬಟ್ಟೆ ತೆಳುವಾಗಿದ್ದರೆ ಬೇಡ. ಜಲ್ಲಿಯ ವಿಷಯಕ್ಕೆ ಬಂದರೆ, ವಾಲಿದ ಬೈಕಿನ ಮುಂದಿನ ಟೈರು ತನ್ನ ಹಿಡಿತದ ಬಹುಪಾಲನ್ನು ತಿರುಗಲಿಕ್ಕೇ ಖರ್ಚು ಮಾಡುತ್ತಿರುತ್ತದೆ. ಆಗ ಬ್ರೇಕಿಗೆ ಉಳಿಯುವುದು ಅಲ್ಪ. ವೇಗವನ್ನು ತಿರುವಿಗೆ ಮುಂಚೆಯೇ, ಬೈಕ್ ನೆಟ್ಟಗಿರುವಾಗಲೇ ಇಳಿಸಿಕೊಂಡರೆ ಜಲ್ಲಿ ಕಂಡಾಗ ಬ್ರೇಕ್ ಮುಟ್ಟದೆ ದಾಟುವ ಅವಕಾಶ ಸಿಗುತ್ತದೆ.

ಪ್ರಶ್ನೆ: ನಾನು ನಿತ್ಯ ಓಡಾಡುವುದು ಹತ್ತು ನಿಮಿಷದ ದಾರಿ, ಅದೂ ನಿಧಾನವಾಗಿ. ಅಷ್ಟಕ್ಕೂ ಹೆಲ್ಮೆಟ್ ಬೇಕೇ?

ಉತ್ತರ: ಬೇಕು. ತಲೆಗೆ ಆಗುವ ಹಾನಿಯನ್ನು ಬೈಕಿನ ವೇಗಕ್ಕಿಂತ ಹೆಚ್ಚಾಗಿ ತಲೆ ನೆಲಕ್ಕೆ ಬಡಿಯುವ ವೇಗ ನಿರ್ಧರಿಸುತ್ತದೆ, ಮತ್ತು ಆ ವೇಗದ ದೊಡ್ಡ ಪಾಲು ಬರುವುದು ಬರಿಯ ಬೀಳುವಿಕೆಯಿಂದ. ಬೈಕ್ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಸುಮ್ಮನೆ ಬಿದ್ದರೂ ತಲೆ ನೆಲ ಮುಟ್ಟುವ ವೇಗ ಗಂಟೆಗೆ ಇಪ್ಪತ್ತು ಕಿ.ಮೀ. ಹತ್ತಿರ, ಅಂದರೆ ಸೆಕೆಂಡಿಗೆ 5.4 ಮೀಟರ್. ಈ ವೇಗದಿಂದ ತಲೆ ಮೂರು ಮಿಲಿಮೀಟರಿನೊಳಗೆ ನಿಂತರೆ ಅದು ಅನುಭವಿಸುವ ನಿಧಾನಗತಿ ಗುರುತ್ವದ ಸುಮಾರು 500 ಪಟ್ಟು. ಥರ್ಮಕೋಲ್ ಪದರ ಮೂರು ಸೆಂಟಿಮೀಟರ್ ಕುಸಿದು ನಿಲ್ಲಿಸಿದರೆ ಸುಮಾರು 50 ಪಟ್ಟು. ಆ ಮೂರು ಸೆಂಟಿಮೀಟರಿಗಾಗಿಯೇ ಹೆಲ್ಮೆಟ್ ಇರುವುದು. ಬೈಕ್ ನಿಂತಲ್ಲೇ ವಾಲಿ ಬಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಚರಿತ್ರೆಯಲ್ಲಿ ಇದಕ್ಕೆ ಒಂದು ದುಃಖದ ಉದಾಹರಣೆ ಇದೆ. ಹಿಂದೆ ಬ್ರಿಟಿಷ್ ಸೇನೆಯಲ್ಲಿದ್ದು ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಹತ್ತಿರದ ಅಂಚೆಕಚೇರಿಗೆ ಹೋಗಿ ತಂತಿ ಕಳುಹಿಸಿ ಮನೆಗೆ ಮರಳುತ್ತಿದ್ದಾಗ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದರು. ತಲೆಗೆ ರಕ್ಷಣೆ ಇರಲಿಲ್ಲ. ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿಕೊಂಡ ವೈದ್ಯರಲ್ಲಿ ಒಬ್ಬರಾದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಅನಂತರ ಬೈಕ್ ಸವಾರರ ತಲೆಗಾಯಗಳನ್ನು ಕ್ರಮವಾಗಿ ಅಧ್ಯಯನ ಮಾಡಿ, ಹೆಲ್ಮೆಟ್ಟಿನ ಮಹತ್ವವನ್ನು ತೋರಿಸುವ ಲೇಖನವನ್ನು 1941ರಲ್ಲಿ ಪ್ರಕಟಿಸಿದರು. ಇಂದು ಪುರಾವೆ ಬೆಟ್ಟದಷ್ಟಿದೆ: ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 61 ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ 2008ರ ಪರಾಮರ್ಶೆಯ ಪ್ರಕಾರ, ಅಪಘಾತದಲ್ಲಿ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು 42 ಶೇಕಡಾ, ತಲೆಗಾಯದ ಸಂಭವವನ್ನು ಸುಮಾರು 69 ಶೇಕಡಾ ಕಡಿಮೆ ಮಾಡುತ್ತದೆ. ನಿಮ್ಮ ಹತ್ತು ನಿಮಿಷದ ದಾರಿಯೂ ಆ ಲೆಕ್ಕದೊಳಗೇ ಇದೆ. ಹಿಂದೆ ಕುಳಿತವರಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಅವರ ತಲೆಯೂ ಅಷ್ಟೇ ಎತ್ತರದಲ್ಲಿರುತ್ತದೆ, ಬೀಳುವ ಮುನ್ಸೂಚನೆ ಮಾತ್ರ ಸವಾರನಿಗಿಂತ ತಡವಾಗಿ ಸಿಗುತ್ತದೆ.

ಪ್ರಶ್ನೆ: ಅರ್ಧ ಮುಖದ ಹೆಲ್ಮೆಟ್ ಹಗುರ, ಗಾಳಿಯಾಡುತ್ತದೆ. ಅದರ ಮೇಲೆ ಪ್ರಮಾಣೀಕರಣದ ಗುರುತೂ ಇದೆ. ಅದು ಸಾಲದೇ? ಹೊಸದನ್ನು ಕೊಳ್ಳುವಾಗ ಅಳತೆ ಸರಿಯಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಗುರುತು ಇರುವುದು ಒಳ್ಳೆಯದು, ಭಾರತದ ಐಎಸ್ 4151, ಯುರೋಪಿನ ಇಸಿಇ 22.06, ಅಮೆರಿಕದ ಎಫ್‌ಎಂವಿಎಸ್‌ಎಸ್ 218, ಹೀಗೆ ನಿಮ್ಮಲ್ಲಿ ಕಾನೂನು ಒಪ್ಪುವ ಯಾವುದಾದರೂ ಒಂದು ಇರಲೇಬೇಕು. ಆದರೆ ಗುರುತು ಹೆಲ್ಮೆಟ್ ಮುಚ್ಚಿರುವ ಭಾಗದ ಬಗ್ಗೆ ಮಾತ್ರ ಭರವಸೆ ಕೊಡುತ್ತದೆ. ಜರ್ಮನಿಯ ಡೀಟ್ಮಾರ್ ಒಟ್ಟೆ ಅವರು ಅಪಘಾತಕ್ಕೀಡಾದ ಹೆಲ್ಮೆಟ್ಟುಗಳ ಮೇಲೆ ಹೊಡೆತ ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತಿಸಿದಾಗ, ಸುಮಾರು ಮೂರನೆಯ ಒಂದು ಭಾಗ ಗದ್ದದ ಆಸುಪಾಸಿನಲ್ಲಿತ್ತು. ಅರ್ಧ ಮುಖದ ಹೆಲ್ಮೆಟ್ ಆ ಹೊಡೆತಗಳನ್ನೆಲ್ಲ ಹಲ್ಲು, ದವಡೆ, ಮೂಗಿಗೆ ಬಿಟ್ಟುಕೊಡುತ್ತದೆ. ಮೊದಲ ಪತ್ರದ ಓದುಗರ ಹೆಲ್ಮೆಟ್ ಎಲ್ಲಿ ಸವೆದಿತ್ತು ಎಂಬುದನ್ನು ಇನ್ನೊಮ್ಮೆ ಓದಿ ನೋಡಿ. ನನ್ನ ಅಭಿಪ್ರಾಯದಲ್ಲಿ ಪೂರ್ಣ ಮುಖದ ಹೆಲ್ಮೆಟ್ಟೇ ಸರಿ. ಗದ್ದದ ಭಾಗ ಮೇಲೆತ್ತಬಹುದಾದ ಹೆಲ್ಮೆಟ್ ಕೊಳ್ಳುವುದಾದರೆ ಇಸಿಇ ಚೀಟಿಯಲ್ಲಿರುವ ಅಕ್ಷರ ನೋಡಿರಿ: ಪಿ ಎಂದಿದ್ದರೆ ಗದ್ದದ ಭಾಗ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ, ಎನ್‌ಪಿ ಎಂದಿದ್ದರೆ ಅದನ್ನು ರಕ್ಷಣೆ ಎಂದು ಎಣಿಸಬಾರದು, ಜೆ ಎಂದಿದ್ದರೆ ಆ ಭಾಗವೇ ಇಲ್ಲ. 22.06 ಹಿಂದಿನ ಆವೃತ್ತಿಗಿಂತ ಮುಂದೆ ಹೋಗಿದೆ. ಹಿಂದೆ ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಮಾತ್ರ ಬಡಿದು ನೋಡುತ್ತಿದ್ದರು, ಈಗ ಅದಕ್ಕಿಂತ ಕಡಿಮೆ ಮತ್ತು ಹೆಚ್ಚಿನ ವೇಗಗಳಲ್ಲೂ ನೋಡುತ್ತಾರೆ, ಓರೆಯಾದ ಹೊಡೆತದಿಂದ ತಲೆ ಗಿರ್ರನೆ ತಿರುಗುವುದನ್ನೂ ಅಳೆಯುತ್ತಾರೆ. ಈ ತಿರುಗುವಿಕೆ ಮಿದುಳಿನ ನರತಂತುಗಳನ್ನು ಎಳೆದು ಹರಿಯಬಲ್ಲದು, ಆದ್ದರಿಂದ ಅದು ಸಣ್ಣ ಸುಧಾರಣೆಯೇನಲ್ಲ.

ಅಳತೆಗೆ, ಹುಬ್ಬಿನ ಸ್ವಲ್ಪ ಮೇಲಿಂದ ತಲೆಯ ಅತಿ ಅಗಲವಾದ ಸುತ್ತಳತೆಯನ್ನು ಟೇಪಿನಿಂದ ತೆಗೆದುಕೊಳ್ಳಿರಿ. ಹೊಸ ಹೆಲ್ಮೆಟ್ ಕೆನ್ನೆಯನ್ನು ತುಸು ಒತ್ತುವಷ್ಟು ಬಿಗಿಯಾಗಿರಬೇಕು. ಮೆತ್ತೆ ಬಳಕೆಯಲ್ಲಿ ಸ್ವಲ್ಪ ಇಳಿಯುತ್ತದೆ. ತಲೆಯನ್ನು ನಿಲ್ಲಿಸಿ ಹೆಲ್ಮೆಟ್ಟನ್ನು ಎಡಬಲಕ್ಕೆ ತಿರುಗಿಸಿದರೆ ಮುಖದ ಚರ್ಮವೂ ಜೊತೆಗೆ ಸರಿಯಬೇಕು. ಹಣೆಯ ಒಂದೇ ಬಿಂದುವಿನಲ್ಲಿ ನೋವು ಬಂದರೆ ಅದು ನಿಮ್ಮ ತಲೆಯ ಆಕಾರಕ್ಕೆ ಹೊಂದದ ಹೆಲ್ಮೆಟ್, ಅಳತೆ ಸರಿಯಿದ್ದರೂ ಬೇಡ. ಕೊನೆಗೆ ಪಟ್ಟಿಯನ್ನು ಒಂದು ಬೆರಳು ಮಾತ್ರ ಹಿಡಿಯುವಷ್ಟು ಬಿಗಿದು, ಇನ್ನೊಬ್ಬರಿಂದ ಹೆಲ್ಮೆಟ್ಟಿನ ಹಿಂಬದಿಯ ಅಂಚನ್ನು ಮೇಲಕ್ಕೆ, ಮುಂದಕ್ಕೆ ಎತ್ತಿಸಿ ನೋಡಿರಿ. ಹಣೆಯ ಮೇಲೆ ಉರುಳಿ ಕಳಚಿ ಬಂದರೆ ಅದು ಅಪಘಾತದಲ್ಲೂ ಕಳಚುತ್ತದೆ. ಪಟ್ಟಿ ಹಾಕದೆ ಧರಿಸಿದ ಹೆಲ್ಮೆಟ್ ಮೊದಲ ಹೊಡೆತಕ್ಕೇ ಹಾರಿಹೋಗಬಹುದು, ಮತ್ತು ತಲೆಗೆ ಹೊಡೆತಗಳು ಹಲವು ಸಲ ಒಂದಾದ ಮೇಲೊಂದು ಬೀಳುತ್ತವೆ. ಪೆಟ್ರೋಲ್, ಥಿನ್ನರ್, ತೀಕ್ಷ್ಣವಾದ ದ್ರಾವಕಗಳಿಂದ ಒರೆಸಬೇಡಿ. ಚಿಪ್ಪು ಮತ್ತು ಥರ್ಮಕೋಲ್ ಎರಡೂ ದುರ್ಬಲಗೊಳ್ಳುತ್ತವೆ. ಬೀಳದಿದ್ದರೂ ಐದು ವರ್ಷ ಬಳಸಿದ ಮೇಲೆ ಬದಲಿಸುವುದು ಒಳ್ಳೆಯದು.

ಪ್ರಶ್ನೆ: ನನ್ನ ಮಗ ಬೇಸಿಗೆಯಲ್ಲಿ ಜಾಕೆಟ್ ಹಾಕಲು ಒಪ್ಪುವುದಿಲ್ಲ. ಸೆಕೆಯಲ್ಲಿ ತಲೆಸುತ್ತು ಬಂದು ಬೀಳುವುದಕ್ಕಿಂತ ಜಾಕೆಟ್ ಇಲ್ಲದಿರುವುದೇ ವಾಸಿ ಎನ್ನುತ್ತಾನೆ. ಏನು ಹೇಳಲಿ?

ಉತ್ತರ: ಅಮ್ಮಾ, ಅವನ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ಒಪ್ಪಿಕೊಂಡೇ ಮಾತನಾಡಿದರೆ ಕೇಳಬಹುದು. ದೇಹ ಕಾದರೆ ಗಮನ ಕುಂದುತ್ತದೆ, ನಿರ್ಧಾರ ನಿಧಾನವಾಗುತ್ತದೆ. ಇದು ನಿಜವಾದ ಅಪಾಯ. ಅದಕ್ಕೆ ಪರಿಹಾರ ಬಲೆಯಂಥ ನೇಯ್ಗೆಯ, ಗಾಳಿ ಒಳಗೆ ಹಾಯುವ ಜಾಕೆಟ್. ಅದರ ಬಟ್ಟೆ ಚರ್ಮದ ಜಾಕೆಟ್ಟಿನಷ್ಟು ಉಜ್ಜುವಿಕೆಯನ್ನು ತಡೆಯಲಾರದು, ಆದರೆ ಭುಜ, ಮೊಣಕೈಗಳ ಪ್ಯಾಡುಗಳು ಅಲ್ಲಿಯೂ ಇರುತ್ತವೆ. ಆ ಜಾಗಗಳಲ್ಲಿ ಗಟ್ಟಿ ಬಟ್ಟೆಯ ಹೊದಿಕೆ ಇರುವುದನ್ನು ಆರಿಸಿರಿ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಗಿಂತ, ಅಂದರೆ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಿದಾಗ, ಬರಿಮೈಗೆ ಬಡಿಯುವ ಗಾಳಿ ತಾನೇ ಶಾಖವನ್ನು ಮೈಗೆ ಕೊಡುತ್ತದೆ, ಬೆವರನ್ನೂ ಬೇಗ ಒಣಗಿಸಿ ದೇಹದ ನೀರನ್ನು ಬರಿದು ಮಾಡುತ್ತದೆ. ಅಂಥ ದಿನ ಒಳಗೆ ನೀರಿನಲ್ಲಿ ನೆನೆಸಿ ಹಿಂಡಿದ ಹತ್ತಿ ಅಂಗಿ ಹಾಕಿ ಅದರ ಮೇಲೆ ಬಲೆಯ ಜಾಕೆಟ್ ತೊಟ್ಟು ಓಡಿಸಿದರೆ ಬರಿಮೈಗಿಂತ ತಂಪಾಗಿರುತ್ತದೆ. ಒಂದು ಸಲ ಪ್ರಯತ್ನಿಸಿ ನೋಡಲು ಹೇಳಿ. ದಾರಿಯಲ್ಲಿ ನಿಂತು ನೀರು ಕುಡಿಯುವುದೂ ರಕ್ಷಣೆಯ ಭಾಗವೇ.

ಪ್ರಶ್ನೆ: ಬೆನ್ನಿನ ಪ್ಯಾಡ್ ಹಾಕಿದರೆ ಬೆನ್ನುಮೂಳೆ ಮುರಿಯುವುದಿಲ್ಲವೇ? ಗಾಳಿ ತುಂಬುವ ಜಾಕೆಟ್ ಅದಕ್ಕಿಂತ ಮೇಲೇ?

ಉತ್ತರ: ಬೆನ್ನಿನ ಪ್ಯಾಡಿನಿಂದ ಅದು ಕೊಡಲಾರದ ಭರವಸೆಯನ್ನು ನಿರೀಕ್ಷಿಸಬಾರದು. ಅದು ಬೆನ್ನಿಗೆ ನೇರವಾಗಿ ಬೀಳುವ ಹೊಡೆತವನ್ನು, ಚೂಪಾದ ಅಂಚಿಗೆ ತಾಗುವುದನ್ನು ತಗ್ಗಿಸುತ್ತದೆ. ಆದರೆ ಬೆನ್ನುಮೂಳೆಯ ದೊಡ್ಡ ಗಾಯಗಳಲ್ಲಿ ಹೆಚ್ಚಿನವು ನೇರ ಹೊಡೆತದಿಂದ ಆಗುವುದಿಲ್ಲ. ತಲೆ, ಭುಜ ಅಥವಾ ಪೃಷ್ಠ ಬಡಿದಾಗ ಬೆನ್ನು ಮಡಿಚಿ, ತಿರುಚಿ, ಕುಗ್ಗಿ ಆಗುತ್ತವೆ. ಅದನ್ನು ಪ್ಯಾಡ್ ತಡೆಯಲಾರದು. ಹಾಗಿದ್ದರೂ ಹಾಕಿಕೊಳ್ಳಿ, ಜಾಕೆಟ್ಟಿನ ಜೊತೆ ಬರುವ ತೆಳು ಸ್ಪಂಜನ್ನು ತೆಗೆದು ಇಎನ್ 1621-2ರ ಲೆವೆಲ್ 2 ಪ್ಯಾಡನ್ನು ಕೂರಿಸಿದರೆ ಪ್ರಯೋಜನವಿದೆ.

ಗಾಳಿ ತುಂಬುವ ಜಾಕೆಟ್ ಅಥವಾ ಮೇಲಂಗಿ ಎದೆಯನ್ನೂ ಕಾಯುತ್ತದೆ, ಮತ್ತು ಎದೆಯ ಹೊಡೆತ ತಲೆಯ ಹೊಡೆತದ ನಂತರ ಪ್ರಾಣ ತೆಗೆಯುವ ಮುಖ್ಯ ಕಾರಣಗಳಲ್ಲಿ ಒಂದು. ಕೆಲವು ಬೈಕಿಗೆ ಕಟ್ಟಿದ ದಾರ ಸೆಳೆದಾಗ ಉಬ್ಬುತ್ತವೆ, ಇನ್ನು ಕೆಲವು ಸಂವೇದಕಗಳು ಬೀಳುವಿಕೆಯನ್ನು ಗುರುತಿಸಿದಾಗ ತಾವೇ ಉಬ್ಬುತ್ತವೆ. ದಾರದ ಬಗೆಯಲ್ಲಿ ಸವಾರನು ಬೈಕಿನಿಂದ ಬೇರ್ಪಟ್ಟ ಮೇಲೆಯೇ ಉಬ್ಬುವುದರಿಂದ, ನೇರವಾಗಿ ಎದುರಿನ ವಾಹನಕ್ಕೆ ಬಡಿದಾಗ ತಡವಾಗಬಹುದು. ಒಳ್ಳೆಯ ಹೆಲ್ಮೆಟ್, ಬೂಟು, ಕೈಗವಸು ಇನ್ನೂ ಇಲ್ಲದವರು ಮೊದಲು ಇದಕ್ಕೆ ಹಣ ಹಾಕುವುದು ಸರಿಯಲ್ಲ.

ಪ್ರಶ್ನೆ: ಹೆಲ್ಮೆಟ್ ಮತ್ತು ಜಾಕೆಟ್ಟಿನ ಬಣ್ಣ ಮುಖ್ಯವೇ?

ಉತ್ತರ: ಮುಖ್ಯ. ನ್ಯೂಜಿಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಳಕು ಪ್ರತಿಫಲಿಸುವ ಅಥವಾ ಹೊಳೆಯುವ ಬಣ್ಣದ ಉಡುಪು ಧರಿಸಿದವರಿಗೆ ಗಾಯದ ಅಪಘಾತದ ಸಂಭವ 37 ಶೇಕಡಾ, ಕಪ್ಪಿನ ಬದಲು ಬಿಳಿ ಹೆಲ್ಮೆಟ್ ಧರಿಸಿದವರಿಗೆ 24 ಶೇಕಡಾ ಕಡಿಮೆ ಎಂದು ಕಂಡುಬಂತು. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅವರ ತಂಡ 1981ರಲ್ಲಿ ಪ್ರಕಟಿಸಿದ ದೊಡ್ಡ ವರದಿಯೂ, ಇತರ ವಾಹನಗಳೊಂದಿಗಿನ ಡಿಕ್ಕಿಗಳಿಗೆ ಚಾಲಕರು ಬೈಕನ್ನು ಗುರುತಿಸದೇ ಹೋಗುವುದೇ ಪ್ರಮುಖ ಕಾರಣ ಎಂದಿತ್ತು. ಆದರೆ ಕಾಣಿಸುವ ಬಣ್ಣ ಧರಿಸಿದ್ದೇನೆಂದು ಎದುರಿನವರು ಕಂಡಿದ್ದಾರೆಂದು ನಂಬಿ ಸಾಗಬೇಡಿ.

ಪ್ರಶ್ನೆ: ರಸ್ತೆಯಲ್ಲಿ ಸವಾರರೊಬ್ಬರು ಬಿದ್ದಿದ್ದರು. ಸುತ್ತ ನೆರೆದವರು ಹೆಲ್ಮೆಟ್ ಎಳೆದು ತೆಗೆಯಲು ಹೊರಟರು, ಕೆಲವರು ಎತ್ತಿ ಕೂರಿಸಿ ನೀರು ಕುಡಿಸಲು ನೋಡಿದರು. ಇದು ಸರಿಯೇ? ನಾವು ಏನು ಮಾಡಬೇಕಿತ್ತು?

ಉತ್ತರ: ಒಳ್ಳೆಯ ಮನಸ್ಸಿನಿಂದ ಮಾಡಿದರೂ ಎರಡೂ ಅಪಾಯಕಾರಿ. ಕುತ್ತಿಗೆಯ ಮೂಳೆ ಮುರಿದಿದ್ದರೆ ಹೆಲ್ಮೆಟ್ ಎಳೆಯುವ ಆ ಒಂದು ಸೆಳೆತ ಒಳಗಿನ ನರಹುರಿಯನ್ನು ಘಾಸಿಗೊಳಿಸಿ ಕೈಕಾಲುಗಳ ಸ್ವಾಧೀನವನ್ನೇ ಕಳೆಯಬಹುದು. ಅರೆಪ್ರಜ್ಞೆಯಲ್ಲಿರುವವರಿಗೆ ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು, ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ಕೊಡುವುದೂ ಕಷ್ಟವಾಗುತ್ತದೆ.

ಮೊದಲು ಹಿಂದಿನಿಂದ ಬರುವ ವಾಹನಗಳನ್ನು ದೂರದಲ್ಲೇ ತಡೆಯಲು ಒಬ್ಬರನ್ನು ನಿಲ್ಲಿಸಿ, ಇನ್ನೊಬ್ಬರಿಂದ ಆಂಬುಲೆನ್ಸ್ ಕರೆಸಬೇಕು. ಬಿದ್ದವರ ಹೆಲ್ಮೆಟ್ಟಿನ ಮುಂದಿನ ಗಾಜನ್ನು ಮೇಲೆತ್ತಿ, ಉಸಿರಾಡುತ್ತಿದ್ದಾರೆಯೇ ನೋಡಿ, ತಲೆ ಅಲುಗಿಸಬೇಡಿ ಎಂದು ಹೇಳಿ, ಎರಡೂ ಕೈಗಳಿಂದ ತಲೆಯನ್ನು ಇದ್ದ ಸ್ಥಿತಿಯಲ್ಲೇ ಹಿಡಿದುಕೊಂಡು ಮಾತನಾಡಿಸುತ್ತಿರಬೇಕು. ರಕ್ತ ಚಿಮ್ಮುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ಹಾಗೆಯೇ ಇರಲಿ, ಬಲ್ಲವರು ತೆಗೆಯುತ್ತಾರೆ. ಉಸಿರು ನಿಂತಿದ್ದರೆ, ಅಥವಾ ವಾಂತಿ ಇಲ್ಲವೇ ರಕ್ತ ಬಾಯಿ ತುಂಬಿ ಉಸಿರು ಕಟ್ಟುತ್ತಿದ್ದರೆ ಮಾತ್ರ ತೆಗೆಯಲೇಬೇಕಾಗುತ್ತದೆ. ಆಗ ಉಸಿರೇ ಮೊದಲು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪಕ್ಕದಲ್ಲಿ ಮಂಡಿಯೂರಿ, ಒಂದು ಕೈಯನ್ನು ಕುತ್ತಿಗೆಯ ಹಿಂದೆ ತಲೆಯ ಬುಡಕ್ಕೆ, ಇನ್ನೊಂದನ್ನು ದವಡೆಗೆ ಕೊಟ್ಟು ತಲೆಯನ್ನು ಸ್ಥಿರವಾಗಿ ಹಿಡಿಯಬೇಕು. ಇನ್ನೊಬ್ಬರು ಪಟ್ಟಿಯನ್ನು ಬಿಚ್ಚಿ ಅಥವಾ ಕತ್ತರಿಸಿ, ತಲೆಯ ಕಡೆ ಕುಳಿತು ಹೆಲ್ಮೆಟ್ಟಿನ ಎರಡೂ ಬದಿಗಳನ್ನು ಅಗಲಿಸಿ, ಮೂಗು ತಪ್ಪುವಷ್ಟು ಮಾತ್ರ ವಾಲಿಸುತ್ತ ನಿಧಾನವಾಗಿ ಹೊರಗೆ ಜಾರಿಸಬೇಕು. ಹೆಲ್ಮೆಟ್ ಹೊರಬಂದಾಗ ತಲೆ ಹಿಂದಕ್ಕೆ ಬೀಳದಂತೆ ಕೆಳಗಿನ ಕೈ ಗಟ್ಟಿಯಾಗಿರಬೇಕು.

ಬಿದ್ದವರು ಎದ್ದು ಕುಳಿತು ಏನೂ ಆಗಿಲ್ಲ ಎಂದರೂ ಒಬ್ಬರನ್ನೇ ಮನೆಗೆ ಕಳುಹಿಸಬೇಡಿ. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೋರುತ್ತಿದ್ದರೆ ಮೊದಲ ಕೆಲವು ಗಂಟೆ ಅವರು ಚೆನ್ನಾಗಿಯೇ ಮಾತನಾಡಿಕೊಂಡು ಇದ್ದು, ಆಮೇಲೆ ಕುಸಿಯಬಹುದು. ಹೆಚ್ಚುತ್ತ ಹೋಗುವ ತಲೆನೋವು, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ತೊದಲು, ಕೇಳಿದ್ದನ್ನೇ ಮತ್ತೆ ಕೇಳುವುದು, ಎರಡು ಕಣ್ಣುಗಳ ಪಾಪೆ ಬೇರೆ ಬೇರೆ ಗಾತ್ರದಲ್ಲಿರುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಮನೆಯವರಿಗೆ ತಿಳಿಸಿರಿ. ಆಸ್ಪತ್ರೆಗೆ ಹೋಗುವಾಗ ಅವರ ಹೆಲ್ಮೆಟ್ಟನ್ನೂ ಜೊತೆಗೆ ಕಳುಹಿಸಿ. ಹೊಡೆತ ಎಲ್ಲಿ ಬಿದ್ದಿತ್ತು, ಎಷ್ಟು ಬಲವಾಗಿತ್ತು ಎಂಬುದನ್ನು ಅದರ ಮೇಲಿನ ಗುರುತುಗಳಿಂದ ವೈದ್ಯರು ಊಹಿಸಬಲ್ಲರು.